ಅಂಬಾಸಿಡರ್ 1489 ಎಂಜಿನ್ ಬಿಚ್ಚಿದ್ದೇನೆ: ಬೋರ್ 30 ಥೌ ಸಾಕಾ, 40 ಬೇಕಾ? ಹೆಡ್ ಎಷ್ಟು ಇಳಿಸಬೇಕು?

ಮಾರ್ಕ್ ಟೂ ಮೈಸೂರು

ಎಲ್ಲರಿಗೂ ನಮಸ್ಕಾರ. ಅಪ್ಪನ 1972ರ ಅಂಬಾಸಿಡರ್ ಮಾರ್ಕ್ ಟೂ, ಪೆಟ್ರೋಲ್ ಗಾಡಿ. ಹನ್ನೊಂದು ವರ್ಷ ಶೆಡ್‌ನಲ್ಲಿ ನಿಂತಿತ್ತು. ಹೋದ ದಸರಾಗೆ ಸ್ಟಾರ್ಟ್ ಮಾಡಿದೆವು. ಸ್ಟಾರ್ಟ್ ಏನೋ ಆಯಿತು, ಆದರೆ ಬೀದಿ ತುಂಬಾ ನೀಲಿ ಹೊಗೆ. ಪಕ್ಕದ ಮನೆ ಅಜ್ಜಿ ಸೊಳ್ಳೆ ಔಷಧಿ ಹೊಡೆಯೋಕೆ ಕಾರ್ಪೊರೇಷನ್‌ನವರು ಬಂದರು ಅಂದುಕೊಂಡು ಕಿಟಕಿ ಹಾಕಿಕೊಂಡರು.

ಬಿಚ್ಚುವ ಮೊದಲು ಕಂಪ್ರೆಶನ್ ಗೇಜ್ ಹಾಕಿ ನೋಡಿದ್ದೆ. ಒಂದರಿಂದ ನಾಲ್ಕರವರೆಗೆ 105, 102, 70, 84 ಪಿಎಸ್‌ಐ. ಒಂದೊಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡಿದೆ. ಮೂರನೆಯದು 100ಕ್ಕೆ ಏರಿತು. ನಾಲ್ಕನೆಯದು 84 ಇದ್ದದ್ದು 87 ಆಯಿತು, ಅಷ್ಟೇ.

ಈಗ ಬ್ಲಾಕ್ ಖಾಲಿ ಮಾಡಿ ಲೇತ್ ಅಂಗಡಿಗೆ ತೋರಿಸಿದ್ದೇನೆ. ಪಿಸ್ಟನ್ ಮೇಲೆ 020 ಅಂತ ಹೊಡೆದಿದೆ. ಅಂದರೆ ಒಂದು ಸಲ ಆಗಲೇ 20 ಥೌ ಬೋರ್ ಆಗಿದೆ, ಸಿಲಿಂಡರ್ ಅಷ್ಟು ಅಗಲ ಕೊರೆದಿದ್ದಾರೆ (ಒಂದು ಥೌ ಅಂದ್ರೆ ಇಂಚಿನ ಸಾವಿರದಲ್ಲೊಂದು ಪಾಲು). ಅತಿ ಜಾಸ್ತಿ ಸವೆದಿರೋದು ಮೂರನೇ ಸಿಲಿಂಡರ್. ಮೇಲ್ಗಡೆ 73.72 ಮಿಮೀ, ಕೆಳಗಡೆ 73.55. ಲೇತ್ ಅಂಗಡಿಯವರು ಹೇಳಿದ್ದು: "40 ಹೊಡೆದುಬಿಡೋಣ ಸಾರ್, ಹೆಡ್‌ನಲ್ಲಿ 60 ಥೌ ಇಳಿಸೋಣ, ಪಿಕಪ್ ನೋಡಿ ಹೆಂಗಿರುತ್ತೆ."

ನನ್ನ ಅನುಮಾನ ಎರಡು. 30 ಥೌಗೆ ಮುಗಿಯಲ್ವಾ? 40 ಆದಮೇಲೆ ಮುಂದಿನ ಸಲಕ್ಕೆ ಏನೂ ಉಳಿಯಲ್ಲ. ಎರಡನೆಯದು, ಹೆಡ್‌ನ (ಸಿಲಿಂಡರ್ ಮೇಲಿನ ಮುಚ್ಚಳ) ತಳ ಕೆತ್ತಿ ಇಳಿಸಿದರೆ ಕಂಪ್ರೆಶನ್ ಅನುಪಾತ ಏರುತ್ತೆ. ಹಳೇ ಮ್ಯಾನ್ಯುಯಲ್‌ನಲ್ಲಿ ಅದು 7.2 ಅಂತ ಇದೆ, ಅಂದರೆ ಒಳಗಿನ ಜಾಗ ಅಷ್ಟು ಪಟ್ಟು ಕುಗ್ಗುತ್ತೆ. ಈಗಿನ ಪೆಟ್ರೋಲ್‌ಗೆ 8, 8.5 ಮಾಡಿದರೆ ತಪ್ಪೇನು?

ಲೇತ್ ಮೇಷ್ಟ್ರು

ತಮ್ಮಾ, ಬಿಚ್ಚುವ ಮೊದಲು ಗೇಜ್ ಹಾಕಿದ್ದಕ್ಕೆ ಮೊದಲು ಶಭಾಷ್. ನೂರರಲ್ಲಿ ತೊಂಬತ್ತು ಜನ ಹಾಕಲ್ಲ.

ಪೀಣ್ಯದಲ್ಲಿ ಮೂವತ್ತೆರಡು ವರ್ಷ ಬೋರಿಂಗ್ ಮೆಷಿನ್ ಮುಂದೆ ನಿಂತವನು ನಾನು. ನಿನ್ನ ಲೆಕ್ಕ ಬಿಡಿಸಿ ಹೇಳ್ತೀನಿ. ಈ ಎಂಜಿನ್ನಿನ ಸ್ಟ್ಯಾಂಡರ್ಡ್ ಬೋರ್ 73.025. ಇಪ್ಪತ್ತು ಥೌ ಅಂದ್ರೆ 73.533, ಮೂವತ್ತು 73.787, ನಲವತ್ತು 74.041. ನಿನ್ನದು 73.72. ಇದನ್ನ ನೋಡಿದ ಯಾರಿಗಾದರೂ "ಮೂವತ್ತಕ್ಕೆ ಇನ್ನೂ ಜಾಗ ಇದೆಯಲ್ಲ" ಅನ್ನಿಸುತ್ತೆ.

ಸಿಲಿಂಡರ್ ಸುತ್ತಲೂ ಒಂದೇ ಸಮ ಸವೆಯಲ್ಲ. ಪಿಸ್ಟನ್ ಒಂದು ಗೋಡೆಗೆ ಒರಗಿಕೊಂಡು ಇಳಿಯುತ್ತೆ, ಆ ಕಡೆ ಜಾಸ್ತಿ ತಿಂದಿರುತ್ತೆ. ನಿನ್ನ ಸವೆತ 0.187. ಅದಷ್ಟೂ ಒಂದೇ ಗೋಡೆಯಲ್ಲಿದೆ ಅಂತಿಟ್ಟುಕೋ. ಮೊದಲಿನ ಮಧ್ಯಬಿಂದು ಹಿಡಿದು ಬೋರ್ ಮಾಡಿದರೆ ಆ ಗೋಡೆ ಪೂರ್ತಿ ಕ್ಲೀನ್ ಆಗೋಕೆ ಎರಡರಷ್ಟು ಬೇಕು. 73.533ಕ್ಕೆ 0.374 ಸೇರಿಸು. 73.907. ಮೂವತ್ತು ಥೌ ದಾಟಿತು ನೋಡು. ಮೂವತ್ತಕ್ಕೆ ಹೊಡೆದರೆ ಮೇಲ್ಗಡೆ ಒಂದು ಕಪ್ಪು ಪಟ್ಟಿ ಉಳಿಯುತ್ತೆ, ಅಲ್ಲೇ ರಿಂಗ್ ಸೋರುತ್ತೆ. ಮಧ್ಯಬಿಂದು ಸರಿಸಿ ಹೊಡೆಯುವವರೂ ಇದ್ದಾರೆ, ಆದರೆ ಆಮೇಲೆ ಪಿಸ್ಟನ್ ಕ್ರ್ಯಾಂಕಿಗೆ ನೇರ ಇರಲ್ಲ. ನಿಮ್ಮ ಲೇತ್ ಅಂಗಡಿಯವರು 40 ಅಂದಿದ್ದು ಸರಿ.

ಮುಂದಿನ ಸಲದ ಚಿಂತೆ ಬಿಡು. ಸ್ಲೀವ್ (ಒಳಗೆ ಕೂರಿಸೋ ಕೊಳವೆ) ಹಾಕಿ ಸ್ಟ್ಯಾಂಡರ್ಡಿಗೆ ತರಬಹುದು. ನಿನ್ನ ಮಗ ಮಾಡಿಸ್ತಾನೆ.

ಆದರೆ ಒಂದು ಮಾತು. ಪಿಸ್ಟನ್ ಕೈಗೆ ಬರೋವರೆಗೂ ಬ್ಲಾಕ್ ಮುಟ್ಟೋಕೆ ಬಿಡಬೇಡ. 74.041 ಅನ್ನೋದು ಪುಸ್ತಕದ ನಂಬರ್. ಬೋರ್ ಮಾಡಬೇಕಿರೋದು ನಿನ್ನ ನಾಲ್ಕು ಪಿಸ್ಟನ್‌ಗೆ. ಪ್ರತಿ ಪಿಸ್ಟನ್ನಿನ ಸ್ಕರ್ಟ್ (ಕೆಳಗಿನ ಗೋಡೆ) ಅನ್ನ, ಪಿನ್ನಿಗೆ ಅಡ್ಡವಾಗಿ, ಮೈಕ್ರೋಮೀಟರಲ್ಲಿ ಅಳೆದು ಮೇಲೆ ಮಾರ್ಕರಲ್ಲಿ ಬರಿ. ಡಬ್ಬಿ ಮೇಲೆ ಹೇಳಿರೋ ಗ್ಯಾಪ್ ಕೂಡಿಸು. ಆ ಅಳತೆಗೆ ಬೋರ್, ಕೊನೇ ಸ್ವಲ್ಪ ಹೋನಿಂಗಿಗೆ (ಕಲ್ಲಿನಿಂದ ಉಜ್ಜೋದಕ್ಕೆ) ಬಿಡಬೇಕು.

ಹುಬ್ಬಳ್ಳಿ ವಿಲ್ಲೀಸ್

ಮೇಷ್ಟ್ರ ಮಾತಿಗೆ ನೂರು ಮಾರ್ಕ್ಸ್ ರೀ. ನನ್ನ ಜೀಪಿಂದು ಹಿಂಗ ಆಗಿತ್ತು. ಬ್ಲಾಕ್ ಕೊಟ್ಟು ಬಂದೆ. ಅವರು "ಬೋರ್ ಹೊಡದು ಇಟ್ಟೀವಿ, ಪಿಸ್ಟನ್ ನೀವ್ ತರ್ರಿ" ಅಂದರು. ನಾನು ಹುಡುಕಿದ ಕಂಪನಿ ಪಿಸ್ಟನ್ ಸಿಗಲಿಲ್ಲ. ಬೇರೆ ಕಂಪನಿದು ತಂದೆ. ಸೈಜ್ ಅದೇ, ಆದರೆ ಸ್ಕರ್ಟ್ ಒಂದೂವರೆ ಥೌ ಸಣ್ಣದು. ಬೆಳಗಿನ ಥಂಡಿಯೊಳಗ ಸ್ಟಾರ್ಟ್ ಮಾಡಿದರ ಡಬ್ಬಿಯೊಳಗ ಕಲ್ಲು ಅಲ್ಲಾಡಿಸಿದಂಗ ಸಪ್ಪಳ. ಬಿಸಿ ಆದಮ್ಯಾಲೆ ಕಡಿಮಿ ಆಕ್ಕೈತಿ. ಆರು ವರ್ಷ ಆತು, ಹಂಗ ಓಡಸಾಕತ್ತೀನಿ.

ಇನ್ನೊಂದು. ಅಂಬಾಸಿಡರ್ ಡೀಸೆಲ್ ಎಂಜಿನ್ನೂ 1489 ಸಿಸಿನೇ ಐತಿ. ಅಂಗಡಿಯೊಳಗ ಬರೇ "1489 ಪಿಸ್ಟನ್ ಕೊಡ್ರಿ" ಅನಬ್ಯಾಡ್ರಿ. ಪೆಟ್ರೋಲ್ ಅಂತ ಎರಡು ಸಲ ಹೇಳ್ರಿ.

ಕುಡ್ಲ ಪದ್ಮಿನಿ

ಮಾರಾಯ್ರೇ, ಗೇಜಿನ ನಂಬರ್ ನೋಡಿ ಗಾಬರಿ ಆಗುವ ಮೊದಲು ಒಂದು ವಿಷಯ. ಮೈಸೂರು ಸಮುದ್ರ ಮಟ್ಟಕ್ಕಿಂತ ಹತ್ತಿರ ಹತ್ತಿರ 760 ಮೀಟರ್ ಮೇಲೆ ಉಂಟು. ಅಲ್ಲಿ ಗಾಳಿಯ ಒತ್ತಡವೇ ಇಲ್ಲಿಗಿಂತ ಸುಮಾರು ಶೇಕಡ 9 ಕಡಿಮೆ. ಮಂಗಳೂರಲ್ಲಿ 150 ತೋರಿಸುವ ಎಂಜಿನ್ ನಿಮ್ಮಲ್ಲಿ 137 ತೋರಿಸ್ತದೆ. ಬೆಂಗಳೂರಲ್ಲಿ ಇನ್ನೂ ಸ್ವಲ್ಪ ಕಡಿಮೆ. ಎಂಜಿನ್ ಸರಿಯೇ ಉಂಟು, ಊರು ಎತ್ತರದಲ್ಲಿ ಉಂಟು.

ಹಾಗಾಗಿ ನಾಲ್ಕರ ನಡುವೆ ವ್ಯತ್ಯಾಸ ಎಷ್ಟು ಅಂತ ನೋಡುವುದು. ನಿಮ್ಮ ಮೂರನೆಯದು ಎಣ್ಣೆ ಹಾಕಿದಾಗ ಏರಿತು, ಅಂದರೆ ರಿಂಗ್ ಮತ್ತು ಬೋರ್. ನಾಲ್ಕನೆಯದು ಏರಲಿಲ್ಲ. ಅದು ವಾಲ್ವ್. ಅಲ್ಲಿ ಬೋರ್ ಎಷ್ಟು ಹೊಡೆದರೂ ಏನು ಪ್ರಯೋಜನ?

ಮತ್ತೆ ಗೇಜ್ ಹಾಕುವಾಗ ನಾಲ್ಕೂ ಪ್ಲಗ್ ತೆಗೆದಿದ್ರಾ? ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದಿದ್ರಾ?

ಮಾರ್ಕ್ ಟೂ ಮೈಸೂರು

ಪ್ಲಗ್ ನಾಲ್ಕೂ ತೆಗೆದಿದ್ದೆ. ಆಕ್ಸಿಲರೇಟರ್ ಒತ್ತಿ ಹಿಡಿದದ್ದು ನನ್ನ ಹೆಂಡತಿ. ಆ ಹತ್ತು ನಿಮಿಷದಲ್ಲಿ ಹಳೇ ಕಾರಿನ ಬಗ್ಗೆ ಅವಳಿಗೆ ಏನನ್ನಿಸುತ್ತೆ ಅನ್ನೋದೂ ಪೂರ್ತಿ ಗೊತ್ತಾಯಿತು.

ಎತ್ತರದ ವಿಷಯ ನನಗೆ ಹೊಳೆದೇ ಇರಲಿಲ್ಲ. ಥ್ಯಾಂಕ್ಸ್.

ಲಾಂಗ್‌ಬ್ರಿಜ್ ಗೌಡ

ಬರ್ಮಿಂಗ್‌ಹ್ಯಾಮ್‌ನಿಂದ ನಮಸ್ಕಾರ. ಮೂಲ ಮಂಡ್ಯ. ಈ ಎಂಜಿನ್ನಿನ ತವರು ಲಾಂಗ್‌ಬ್ರಿಜ್ ನಮ್ಮ ಮನೆಯಿಂದ ಒಂದೇ ಬಸ್ಸು. ಆ ಫ್ಯಾಕ್ಟರಿ ಜಾಗದಲ್ಲಿ ಈಗ ದೊಡ್ಡ ಅಂಗಡಿಗಳಿವೆ. ಎಂಜಿನ್ ಸದ್ದು ಕೇಳುತ್ತಿದ್ದ ಕಡೆ ನಾನು ಹೋಗಿ ಹಾಲು, ಬ್ರೆಡ್ ತರ್ತೀನಿ.

ನಮ್ಮ ಅಂಬಾಸಿಡರ್ ಎಂಜಿನ್ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕಂಪನಿಯ ಬಿ-ಸೀರೀಸ್. ಇದೇ 1489 ಸಿಸಿ ಎಂಜಿನ್ 1955ರ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲೂ ಇತ್ತು. ಅದರಲ್ಲಿ ಎರಡು ಕಾರ್ಬುರೇಟರ್, ಕಂಪ್ರೆಶನ್ 8.3. ಹೆಡ್ಡಿನೊಳಗೆ ನೋಡಿದ್ರೆ ಚೇಂಬರ್ (ಪೆಟ್ರೋಲ್ ಉರಿಯುವ ಗುಳಿ) ಹೃದಯದ ಆಕಾರದಲ್ಲಿದೆ ಅಲ್ವಾ, ಅದು ಹ್ಯಾರಿ ವೆಸ್ಲೇಕ್ ಅನ್ನುವವರ ವಿನ್ಯಾಸ. ಆದ್ದರಿಂದ 8.3 ಈ ಎಂಜಿನ್ನಿಗೆ ಹೊಸದೇನಲ್ಲ, ತಡೆದುಕೊಳ್ಳುತ್ತೆ.

ಆದರೆ 60 ಥೌ ಇಳಿಸಿದರೆ ಎಷ್ಟಾಗುತ್ತೆ ಅಂತ ನಿಮ್ಮ ಲೇತ್ ಅಂಗಡಿಯವರಿಗೆ ಹೇಗೆ ಗೊತ್ತು? ಈಗ ಎಷ್ಟಿದೆ ಅನ್ನೋದೇ ಯಾರಿಗೂ ಗೊತ್ತಿಲ್ಲ. ಐವತ್ತು ವರ್ಷದಲ್ಲಿ ಆ ಹೆಡ್ ಎಷ್ಟು ಸಲ ಫೇಸಿಂಗ್ (ತಳ ಕೆತ್ತಿ ಸಪಾಟು ಮಾಡೋದು) ಆಗಿದೆಯೋ. ಹೊಸ ಪಿಸ್ಟನ್ನಿನ ಗುಳಿ ಹಳೆಯದರಷ್ಟೇ ಇದೆಯೋ ಇಲ್ಲವೋ.

ಅಳೆಯಿರಿ. ಕಷ್ಟ ಏನಿಲ್ಲ. ಮೆಡಿಕಲ್ ಶಾಪಿನಿಂದ 10 ಎಂಎಲ್ ಸಿರಿಂಜ್ ತನ್ನಿ. ಅಂಗೈಯಗಲ ಅಕ್ರಿಲಿಕ್ ಹಾಳೆಗೆ ಒಂದು ತೂತು ಕೊರೆಯಿರಿ. ಹೆಡ್ ತಲೆಕೆಳಗು ಮಾಡಿ, ವಾಲ್ವ್ ಮತ್ತು ಪ್ಲಗ್ ಹಾಕಿ, ಅಂಚಿಗೆ ಗ್ರೀಸ್ ಸವರಿ ಹಾಳೆ ಒತ್ತಿ. ತೂತಿನಿಂದ ಸೀಮೆಎಣ್ಣೆ ಬಿಡಿ. ಗುಳ್ಳೆ ಹೋಗೋವರೆಗೆ ಎಷ್ಟು ಹಿಡಿಯುತ್ತೋ ಅದೇ ಚೇಂಬರ್. ಇದನ್ನೇ ಬ್ಲಾಕ್ ಮೇಲೂ ಮಾಡಿ. ಹೊಸ ಪಿಸ್ಟನ್ ಪೂರ್ತಿ ಮೇಲೆ ತಂದು, ಸುತ್ತಲಿನ ಸಂದಿಗೆ ಗ್ರೀಸ್ ತುಂಬಿ, ಹಾಳೆ ಇಟ್ಟು ಸೀಮೆಎಣ್ಣೆ. ಪಿಸ್ಟನ್ನಿನ ಗುಳಿ, ಅದು ಬ್ಲಾಕ್ ಮಟ್ಟಕ್ಕಿಂತ ಕೆಳಗಿರೋ ಜಾಗ ಎರಡೂ ಒಟ್ಟಿಗೆ ಸಿಗುತ್ತೆ. ಕೊನೆಗೆ ಒತ್ತಿಹೋದ ಹಳೇ ಗ್ಯಾಸ್ಕೆಟ್ಟಿನ ದಪ್ಪ. ಮೂರೂ ಕೂಡಿಸಿ.

ಲೇತ್ ಮೇಷ್ಟ್ರು

ಗೌಡ್ರು ಹೇಳಿದ್ದು ಸರಿ. ಇದಕ್ಕೇ ಕೆಲಸದ ಸಾಲು ಹೀಗಿರಬೇಕು ಅನ್ನೋದು. ಬ್ಲಾಕ್ ತೊಳೆಸು, ಪಕ್ಕದ ವೆಲ್ಶ್ ಪ್ಲಗ್ (ನೀರಿನ ದಾರಿ ಮುಚ್ಚಿರೋ ತಗಡಿನ ಬಿರಡೆ) ಕಿತ್ತು ಒಳಗಿನ ಗಸಿ ಕೆರೆದು ತೆಗಿ. ನೀರು ನಿಂತು ಕೊಳೆತ ಮಣ್ಣು ಹಿಂದಗಡೆ, ನಾಲ್ಕನೇ ಸಿಲಿಂಡರ್ ಸುತ್ತ ಕೂತಿರುತ್ತೆ. ಪಿಸ್ಟನ್ ಬಂದಮೇಲೆ ಬೋರ್. ಕ್ರ್ಯಾಂಕ್ ಗ್ರೈಂಡಿಂಗ್ ಬೇಕಾ ಬೇಡವಾ ನೋಡು. ಈ ಎಂಜಿನ್ನಿಗೆ ಮೇನ್ ಬೇರಿಂಗ್ ಮೂರೇ, ಅದಕ್ಕೆ ನಡುವಿನ ಜರ್ನಲ್ (ಕ್ರ್ಯಾಂಕ್ ಬೇರಿಂಗಿನಲ್ಲಿ ಕೂರುವ ಭಾಗ) ಮೇಲೆ ಒಂದು ಕಣ್ಣು ಜಾಸ್ತಿ ಇರಲಿ. ಆಮೇಲೆ ಒಂದು ಸಲ ಸುಮ್ನೆ ಜೋಡಿಸಿ ಅಳತೆ ತಗೋ. ಹೆಡ್ ಫೇಸಿಂಗ್ ಎಲ್ಲಕ್ಕಿಂತ ಕೊನೆಗೆ. ತೆಗೆದ ಕಬ್ಬಿಣ ವಾಪಸ್ ಬರಲ್ಲ.

ಹೆಡ್ಡಲ್ಲಿ ಮಧ್ಯದ ಎರಡು ಎಕ್ಸಾಸ್ಟ್ ಸೀಟ್ (ಹೊಗೆ ಬಿಡೋ ವಾಲ್ವ್ ಕೂರುವ ಅಂಚು) ಸುತ್ತ ಕ್ರ್ಯಾಕ್ ಇದೆಯಾ ಅಂತ ಮೊದಲೇ ಟೆಸ್ಟ್ ಮಾಡಿಸು. ಎರಡು, ಮೂರನೇ ಸಿಲಿಂಡರ್ ಒಂದೇ ದಾರಿಯಲ್ಲಿ ಹೊಗೆ ಬಿಡ್ತವೆ, ಬಿಸಿ ಎಲ್ಲಾ ಅಲ್ಲೇ.

ಮಾರ್ಕ್ ಟೂ ಮೈಸೂರು

ಏಳು ವಾರ ಆಯಿತು, ತಡವಾಗಿದ್ದಕ್ಕೆ ಕ್ಷಮಿಸಿ. ಪಿಸ್ಟನ್ ಹುಡುಕೋಕೇ ಐದು ವಾರ ಹೋಯಿತು. 2014ರಲ್ಲಿ ಬಂಗಾಳದ ಉತ್ತರಪಾರಾ ಫ್ಯಾಕ್ಟರಿಯಲ್ಲಿ ಅಂಬಾಸಿಡರ್ ಕಾರು ತಯಾರಿ ನಿಂತ ಮೇಲೆ ಪೆಟ್ರೋಲ್ ಎಂಜಿನ್ನಿನ ಓವರ್‌ಸೈಜ್ ಮಾಲು ಅಂದ್ರೆ ಅಂಗಡಿಯವರು ನಗ್ತಾರೆ. ಬೆಂಗಳೂರಿನ ಜೆಸಿ ರೋಡಿನಲ್ಲಿ ಮೂರು ಶನಿವಾರ ಅಲೆದೆ. ಕೊನೆಗೆ ಒಬ್ಬ ಹಿರಿಯರು ಏಣಿ ಹತ್ತಿ ಅಟ್ಟದಿಂದ ಧೂಳು ಹಿಡಿದ ಡಬ್ಬಿ ಇಳಿಸಿದರು. 040, ಪೂರ್ತಿ ಸೆಟ್. ಡಬ್ಬಿಯ ಮೇಲಿನ ಬೆಲೆ ನೋಡಿ ಖುಷಿಯಾಯಿತು. ಅವರು ಕೇಳಿದ ಬೆಲೆ ಬೇರೆ.

ನಾಲ್ಕೂ ಅಳೆದು ಲೇತ್ ಅಂಗಡಿಗೆ ಕೊಟ್ಟೆ. ಬೋರ್, ಹೋನಿಂಗ್ ಚೆನ್ನಾಗಿ ಬಂದಿದೆ. ರಿಂಗ್ ಗ್ಯಾಪ್ ನಾಲ್ಕರಲ್ಲೂ 0.30 ಮಿಮೀ ಆಸುಪಾಸು. ಈಗ ಸೀಮೆಎಣ್ಣೆ ಲೆಕ್ಕ.

ಚೇಂಬರ್: 39.5, 39.4, 39.5, 40.6 ಸಿಸಿ. ಪಿಸ್ಟನ್ ಮೇಲಿನ ಜಾಗ 14.2. ಗ್ಯಾಸ್ಕೆಟ್ 0.8 ಮಿಮೀ ದಪ್ಪ, 3.6 ಸಿಸಿ ಬಂತು. ನಾಲ್ಕನೆಯದು ಬಿಟ್ಟರೆ ಒಟ್ಟು 57.3. 40 ಥೌ ಬೋರಿಗೆ ಒಂದು ಸಿಲಿಂಡರ್ 382.8 ಸಿಸಿ. 382.8ನ್ನ 57.3ರಿಂದ ಭಾಗಿಸಿ ಒಂದು ಕೂಡಿಸಿದರೆ 7.68.

ಹೆಡ್ ಮುಟ್ಟದೇ 7.68! ಮ್ಯಾನ್ಯುಯಲ್‌ನ 7.2 ಎಲ್ಲಿ ಹೋಯಿತು? ಮತ್ತೆ ನಾಲ್ಕನೇ ಚೇಂಬರ್ ಯಾಕೆ ಒಂದು ಸಿಸಿ ದೊಡ್ಡದು?

ಲಾಂಗ್‌ಬ್ರಿಜ್ ಗೌಡ

7.2 ಅಂದ್ರೆ ಒಟ್ಟು ಜಾಗ 60 ಸಿಸಿ ಇರಬೇಕಿತ್ತು. ಬೋರ್ ದೊಡ್ಡದಾಗಿದ್ದಕ್ಕೆ ಮಾತ್ರ 7.37 ಆಗುತ್ತೆ. ಉಳಿದದ್ದು ಹೊಸ ಪಿಸ್ಟನ್ನಿನ ಗುಳಿ ಮತ್ತು ಹಿಂದೆ ಯಾರೋ ಮಾಡಿಸಿದ ಫೇಸಿಂಗ್ ಇರಬೇಕು.

ನಾಲ್ಕನೇ ಚೇಂಬರಿಗೆ ಒಂದು ಸ್ಕೇಲ್ ಅಡ್ಡ ಹಿಡಿದು ನೋಡಿ. ಎಕ್ಸಾಸ್ಟ್ ವಾಲ್ವ್ ಒಳಗೆ ಕುಸಿದಿರುತ್ತೆ.

ಮಾರ್ಕ್ ಟೂ ಮೈಸೂರು

ಕುಸಿದಿದೆ! ಬೇರೆ ಮೂರರ ಪಕ್ಕ ಇಟ್ಟು ನೋಡಿದರೆ ಉಗುರಿಗೇ ಗೊತ್ತಾಗುತ್ತೆ. ಸೀಟ್ ಬಟ್ಟಲಿನ ಥರ ಆಗಿದೆ. ಗೇಜ್ 84 ತೋರಿಸಿದ್ದು ಇದೇ ಸಿಲಿಂಡರ್.

ಕುಡ್ಲ ಪದ್ಮಿನಿ

ನಾನು ಹೇಳಿದ್ದೆ ಅಲ್ವಾ, ವಾಲ್ವ್ ಅಂತ.

ಅದು ಸೀಸದ ಕಥೆ. ಹಳೇ ಪೆಟ್ರೋಲಿನಲ್ಲಿದ್ದ ಸೀಸ ಈ ಎರಕದ ಕಬ್ಬಿಣದ ಸೀಟಿಗೆ ಒಂದು ಲೇಪ ಕೊಡ್ತಿತ್ತು. 2000ದ ಫೆಬ್ರವರಿ 1ರಿಂದ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿತು. ಆಮೇಲೆ ಎಕ್ಸಾಸ್ಟ್ ವಾಲ್ವ್ ಬಿಸಿಗೆ ಸೀಟನ್ನ ಸ್ವಲ್ಪ ಸ್ವಲ್ಪ ಕಚ್ಚಿ ಕಿತ್ತುಕೊಂಡು ಹೋಗ್ತದೆ. ನಾಲ್ಕೂ ಎಕ್ಸಾಸ್ಟಿಗೆ ಗಟ್ಟಿ ಸೀಟ್ ರಿಂಗ್ ಹಾಕಿಸಿಬಿಡಿ. ಗೈಡ್ (ವಾಲ್ವ್ ಕಡ್ಡಿ ಜಾರುವ ಕೊಳವೆ) ಕೂಡ ಹೊಸದು. ಗೈಡ್ ಮೊದಲು, ಆಮೇಲೆ ಸೀಟ್ ಕತ್ತರಿಸುವುದು. ತಿರುಗಾಮುರುಗಾ ಮಾಡಿದರೆ ವಾಲ್ವ್ ಕೂರುವುದಿಲ್ಲ.

ಇನ್ನು ಈಗಿನ ಇ20 ಪೆಟ್ರೋಲ್, ಅಂದರೆ ಶೇಕಡ 20 ಎಥನಾಲ್ ಬೆರೆಸಿದ್ದು. ಎಥನಾಲ್‌ನಿಂದ ಆಕ್ಟೇನ್ ಏರ್ತದೆ, ಒಳ್ಳೆಯದೇ. ಆದರೆ ಅದೇ ಜೆಟ್ಟಿಗೆ ಮಿಶ್ರಣ ತೆಳು ಆಗ್ತದೆ, ತೆಳು ಆದರೆ ಬಿಸಿ. ಎಸ್‌ಯು ಕಾರ್ಬುರೇಟರ್ ಆದರೆ ಸ್ವಲ್ಪ ರಿಚ್ (ಪೆಟ್ರೋಲ್ ಜಾಸ್ತಿ) ಮಾಡಿಕೊಳ್ಳಿ. ಪೆಟ್ರೋಲ್ ಪೈಪ್, ಪಂಪಿನ ಡಯಾಫ್ರಮ್ ಎರಡೂ ಬದಲಿಸಿ. ನನ್ನ ಪದ್ಮಿನಿಯ ಹಳೇ ಪೈಪ್ ಒಂದು ಮಳೆಗಾಲದಲ್ಲಿ ಹಲ್ವಾ ಆಯ್ತು.

ಮಾರ್ಕ್ ಟೂ ಮೈಸೂರು

ಸರಿ, ಸೀಟ್ ರಿಂಗ್ ಖಚಿತ. ಈಗ ಫೇಸಿಂಗ್. ಗೌಡ್ರೇ, ನೀವು ಖಾಸಗಿಯಾಗಿ ಹೇಳಿಕೊಟ್ಟ ಉಪಾಯ ಇಲ್ಲಿ ಎಲ್ಲರಿಗೂ ಹಾಕ್ತೀನಿ, ಚೆನ್ನಾಗಿದೆ. 8.0 ಬೇಕಾದರೆ 2.6 ಸಿಸಿ ಕಡಿಮೆ ಆಗಬೇಕು. ಹೆಡ್ ಮಟ್ಟವಾಗಿ ತಲೆಕೆಳಗೆ ಇಟ್ಟು, 39.5ರ ಬದಲು 36.9 ಎಂಎಲ್ ಮಾತ್ರ ಹಾಕಿದೆ. ಸೀಮೆಎಣ್ಣೆ ಮಟ್ಟ ಅಂಚಿನಿಂದ ಎಷ್ಟು ಕೆಳಗಿದೆ ಅಂತ ಡೆಪ್ತ್ ಗೇಜಲ್ಲಿ ನೋಡಿದೆ. 0.8 ಮಿಮೀ. ಅಷ್ಟು ಇಳಿಸಿದರೆ 8.0. ಲೇತ್ ಅಂಗಡಿಯವರ 60 ಥೌ ಅಂದ್ರೆ 1.52 ಮಿಮೀ, ಅದಕ್ಕೆ 8.3 ಬರುತ್ತೆ. ಎಂಜಿಎ ಲೆಕ್ಕವೇ ಆಯಿತು!

ಮೇಷ್ಟ್ರೇ, 8.0 ಮಾಡಲಾ, 8.3 ಮಾಡಲಾ?

ಲೇತ್ ಮೇಷ್ಟ್ರು

ಎರಡೂ ಬೇಡ ಅಂದ್ರೆ ಬೇಜಾರಾಗ್ತೀಯಾ?

ಕಾಗದದ ಮೇಲೆ ಲೆಕ್ಕ ಹಾಕು. ಡಿಪ್ಲೊಮಾದಲ್ಲಿ ಒಟ್ಟೊ ಸೈಕಲ್ (ಪೆಟ್ರೋಲ್ ಎಂಜಿನ್ನಿನ ಆದರ್ಶ ಲೆಕ್ಕ) ಅಂತ ಪಾಠ ಇರುತ್ತಲ್ಲ, ಅದೇ ಸೂತ್ರ. 7.68ಕ್ಕೆ ದಕ್ಷತೆ ಶೇಕಡ 55.8. 8.0ಕ್ಕೆ 56.5. 8.3ಕ್ಕೆ 57.1. ಅದೂ ಪುಸ್ತಕದ ಎಂಜಿನ್ನಿಗೆ, ನಿಜದ್ದು ಅದರ ಹತ್ತಿರಕ್ಕೂ ಬರಲ್ಲ. ಅಂದ್ರೆ 8.0 ಮಾಡಿದರೆ ಈಗಿಗಿಂತ ನೂರಕ್ಕೆ ಒಂದು ಕಾಲು ಪಾಲು ಜಾಸ್ತಿ. 8.3 ಮಾಡಿದರೆ ಎರಡೂವರೆಗೂ ಕಡಿಮೆ. ನಿನ್ನ ಬಲಗಾಲಿಗೆ ಅದು ಗೊತ್ತಾಗುತ್ತಾ? ಒಬ್ಬ ಸೋದರಮಾವ ಹಿಂದಿನ ಸೀಟಿನಿಂದ ಇಳಿದರೆ ಅದಕ್ಕಿಂತ ಜಾಸ್ತಿ ಪಿಕಪ್ ಸಿಗುತ್ತೆ.

ಇನ್ನು ನಿನ್ನ ಹಳೇ ಗೇಜಿನ ನಂಬರ್ ನೋಡು. ಮೂರನೆಯದು 70, ಒಂದನೆಯದು 105. ಮೂರರಲ್ಲಿ ಒಂದು ಪಾಲು ಸುಮ್ನೆ ಸೋರಿ ಹೋಗ್ತಿತ್ತು. ಅದನ್ನ ಬೋರ್, ರಿಂಗ್, ಸೀಟ್ ಮಾಡಿಸಿ ಆಗಲೇ ವಾಪಸ್ ತಂದಿದ್ದೀಯ. ಉಳಿದ ಒಂದು ಕಾಲು ಪರ್ಸೆಂಟಿಗೆ ಯಾರಿಗೂ ಮತ್ತೆ ಸಿಗದ ಹೆಡ್ಡಿನಿಂದ 0.8 ಮಿಮೀ ಯಾಕೆ ಕೊಡ್ತೀಯ? ಅಷ್ಟು ಇಳಿಸಿದರೆ ಪುಶ್‌ರಾಡ್ ಉದ್ದ ಆದಂಗಾಗುತ್ತೆ, ರಾಕರ್ ಕೋನ ಕೆಡುತ್ತೆ, ಅದಕ್ಕೆ ರಾಕರ್ ಹೊತ್ತಿರೋ ಪೆಡೆಸ್ಟಲ್ ಕೆಳಗೆ ಶಿಮ್ (ತೆಳು ತಗಡು) ಹಾಕು, ಡಿಸ್ಟ್ರಿಬ್ಯೂಟರ್ ಅಡ್ವಾನ್ಸ್ ಮತ್ತೆ ನೋಡು. ಮುಂದೆ ಯಾವತ್ತೋ ಹೆಡ್ ಬೆಂಡ್ ಆದರೆ ಫೇಸಿಂಗ್ ಮಾಡಿಸೋಕೆ ಜಾಗ ಇರಲ್ಲ.

ಸಪಾಟು ಆಗೋಕೆ ಎಷ್ಟು ಬೇಕೋ ಅಷ್ಟು ಮಾತ್ರ ತೆಗೆಸು.

ಲಾಂಗ್‌ಬ್ರಿಜ್ ಗೌಡ

ನಾನು ಇದನ್ನ ಒಪ್ಪಲ್ಲ ಮೇಷ್ಟ್ರೇ, ಪೂರ್ತಿಯಾಗಿ ಅಲ್ಲ. ನನ್ನ ಎಂಜಿಎ 8.3ರಲ್ಲಿ ಹದಿನಾಲ್ಕು ವರ್ಷದಿಂದ ಓಡ್ತಿದೆ, ಒಂದು ದಿನ ನಾಕಿಂಗ್ (ಪೆಟ್ರೋಲ್ ತಾನಾಗೇ ಹೊತ್ತಿ ಬರೋ ಟಕಟಕ ಸದ್ದು) ಬಂದಿಲ್ಲ. ಈಗ ಪೆಟ್ರೋಲೂ ಆಗಿನದಕ್ಕಿಂತ ಚೆನ್ನಾಗಿದೆ.

ಆದರೆ ಒಂದು ನಿಜ ಹೇಳಬೇಕು. ಎಂಜಿಎ ಹಗುರದ ಕಾರು, ಇಲ್ಲಿ ಜುಲೈನಲ್ಲೂ ಸ್ವೆಟರ್ ಹಾಕ್ತೀವಿ. ಆರು ಜನ, ಮೇಲೆ ಲಗೇಜು, ಏಪ್ರಿಲ್ ಮಧ್ಯಾಹ್ನ ಗುಂಡ್ಲುಪೇಟೆ ರಸ್ತೆಯಲ್ಲಿ ಟಾಪ್ ಗೇರಲ್ಲಿ ಎಳೆಯೋದು ಬೇರೆ ಲೆಕ್ಕ. ನಾಕಿಂಗ್ ಶುರುವಾಗೋದು ಅಂಥಾ ಕಡೆಯೇ.

ಹುಬ್ಬಳ್ಳಿ ವಿಲ್ಲೀಸ್

ಸೋದರಮಾವನ್ನ ಇಳಿಸೋದೇ ಛಲೋ ರೀ. ಖರ್ಚೂ ಇಲ್ಲ.

ಜೋಡಸೋ ಮೊದಲ ಬ್ಲಾಕ್ ತೊಳಿಯೂದು ಮರೀಬ್ಯಾಡ್ರಿ. ಪೆಟ್ರೋಲ್, ಡೀಸೆಲ್ ಅಲ್ಲ, ಬಿಸಿನೀರು ಸೋಪು ಹಾಕಿ ಬ್ರಶ್‌ಲೆ ತಿಕ್ಕರಿ. ಹೋನಿಂಗ್ ಕಲ್ಲಿನ ಪುಡಿ ಗೆರಿಯೊಳಗ ಕುಂತಿರ್ತೈತಿ. ಬಿಳಿ ಬನಿಯನ್‌ಲೆ ಒರಸಿದರ ಬನಿಯನ್ ಬೆಳ್ಳಗ ಇರಬೇಕು. ತಕ್ಷಣ ಎಣ್ಣಿ ಹಚ್ಚರಿ, ಇಲ್ಲಂದ್ರ ಚಾ ಕುಡಿದು ಬರೋದರಾಗ ತುಕ್ಕು.

ಮಾರ್ಕ್ ಟೂ ಮೈಸೂರು

ಎಲ್ಲರಿಗೂ ಅಪ್‌ಡೇಟ್. ಹೆಡ್ 0.1 ಮಿಮೀ ಮಾತ್ರ ಫೇಸಿಂಗ್ ಆಯಿತು. ಹೊಸ ಸೀಟ್ ಕೂತ ಮೇಲೆ ನಾಲ್ಕನೇ ಚೇಂಬರೂ ಉಳಿದವುಗಳ ಸಮ ಬಂತು. ಒಟ್ಟು 57.0, ಕಂಪ್ರೆಶನ್ 7.7. ಲೇತ್ ಅಂಗಡಿಯವರಿಗೆ ಸ್ವಲ್ಪ ನಿರಾಸೆ. "ನಿಮ್ಮಿಷ್ಟ ಸಾರ್" ಅಂದರು, ಆ ಧಾಟಿ ನಿಮಗೆಲ್ಲಾ ಗೊತ್ತಲ್ಲ.

500 ಕಿಲೋಮೀಟರ್ ಆಯಿತು. ಎಣ್ಣೆ ಬದಲಿಸಿದೆ, ಹೆಡ್ ನಟ್ ಮತ್ತೊಮ್ಮೆ ಟೈಟ್ ಮಾಡಿ ಟ್ಯಾಪೆಟ್ ನೋಡಿದೆ. ನಿನ್ನೆ ಗೇಜ್ ಹಾಕಿದೆ: 134, 136, 133, 135. ಅಪ್ಪ ಚೀಟಿ ಕೈಯಲ್ಲಿ ಹಿಡಿದುಕೊಂಡು ಎರಡು ಸಲ ಓದಿದರು, ಏನೂ ಹೇಳಲಿಲ್ಲ. ಸಂಜೆ ಚಾಮುಂಡಿ ಬೆಟ್ಟಕ್ಕೆ ಅವರೇ ಓಡಿಸಿದರು. ಹೊಗೆ ಇಲ್ಲ.

ಒಂದೇ ಸಣ್ಣ ತಲೆನೋವು. ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಗೇರ್‌ಬಾಕ್ಸ್ ಸೇರುವ ಜಾಗದ ಕೆಳಗೆ ಎರಡು ಹನಿ ಎಣ್ಣೆ. ಎಲ್ಲಾ ಗ್ಯಾಸ್ಕೆಟ್ ಹೊಸದು. ಎಲ್ಲಿ ತಪ್ಪು ಮಾಡಿದೆ?

ಲಾಂಗ್‌ಬ್ರಿಜ್ ಗೌಡ

ತಪ್ಪು ನಿಮ್ಮದಲ್ಲ. ಈ ಎಂಜಿನ್ನಿನ ಹಿಂದಿನ ಮೇನ್ ಬೇರಿಂಗಿಗೆ ರಬ್ಬರ್ ಸೀಲೇ ಇಲ್ಲ. ಕ್ರ್ಯಾಂಕಿನ ಮೇಲೆ ಒಂದು ಸ್ಕ್ರೂ ಥರದ ಗೆರೆ ಇದೆ, ತಿರುಗುವಾಗ ಅದು ಎಣ್ಣೆಯನ್ನ ಒಳಗೆ ತಳ್ಳುತ್ತೆ. ನಿಂತಾಗ ಯಾರು ತಳ್ಳಬೇಕು? ನನ್ನದಕ್ಕೂ ಎರಡು ಹನಿ. ಕೆಳಗೆ ಒಂದು ರಟ್ಟು ಹಾಕಿ.

ಹುಬ್ಬಳ್ಳಿ ವಿಲ್ಲೀಸ್

ಹನಿ ಬೀಳೂದು ನಿಂತರ ಗಾಬರಿ ಆಗ್ರಿ. ಒಳಗ ಎಣ್ಣಿ ಖಾಲಿ ಆಗೇತಿ ಅಂತ ಅರ್ಥ.